ಪಕ್ಕದ ರಾಜ್ಯದ ಭಾಷೆ ಮಾತಾಡುವ ಕಾಯಿಲೆ

ಒಬ್ಬಳೇ ರೋಗಿಯ ಕೇಸ್ ಶೀಟು ರಾಜ್ಯದಿಂದ ರಾಜ್ಯಕ್ಕೆ ಅಲೆದು, ಹೋದಲ್ಲೆಲ್ಲ ಹೌಸ್‌ಫುಲ್ ಬೋರ್ಡು ತಗುಲಿಸಿದ್ದು ವೈದ್ಯಶಾಸ್ತ್ರದಲ್ಲಿ ಅಪರೂಪದ ಸಂಗತಿ. 1993ರಲ್ಲಿ ಮಲಯಾಳಂನ ‘ಮಣಿಚಿತ್ರತ್ತಾಳ್’ ಚಿತ್ರದಲ್ಲಿ ಕಾಣಿಸಿಕೊಂಡ ಈ ಕಾಯಿಲೆ 2004ರಲ್ಲಿ ‘ಆಪ್ತಮಿತ್ರ’ನ ಮೂಲಕ ನಮಗೆ ಅಂಟಿತು, ಮರುವರ್ಷ ‘ಚಂದ್ರಮುಖಿ’ಯಾಗಿ ತಮಿಳಿಗೂ 2007ರಲ್ಲಿ ‘ಭೂಲ್ ಭುಲಯ್ಯಾ’ ಆಗಿ ಹಿಂದಿಗೂ ಹಬ್ಬಿತು. ಹಳೆಯ ಮಹಲು, ಬೀಗ ಜಡಿದ ಕೋಣೆ, ಆ ಬೀಗವನ್ನು ತೆಗೆಯುವ ಸೊಸೆ, ಗೆಜ್ಜೆಯ ಸದ್ದು, ಕೊನೆಗೆ ‘ಇದು ದೆವ್ವವಲ್ಲ, ಕಾಯಿಲೆ’ ಎಂದು ಘೋಷಿಸುವ ಮನೋವೈದ್ಯ. ದೆವ್ವದ ಸಿನಿಮಾದಲ್ಲಿ ನಿಂತು ದೆವ್ವವಿಲ್ಲ ಎನ್ನುವ ಆ ಧೈರ್ಯಕ್ಕೆ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ವೈದ್ಯರು ಬರೆದ ಚೀಟಿಯನ್ನು ಓದಿ ನೋಡುವ ಬುದ್ಧಿ ಬಂದದ್ದು ಮಾತ್ರ ತಡವಾಗಿ.

ಈ ಕಾಯಿಲೆಯ ಪ್ರಧಾನ ಲಕ್ಷಣ ಜ್ವರವಲ್ಲ, ತಲೆನೋವಲ್ಲ, ಭಾಷೆ. ಮಲಯಾಳಂ ರೋಗಿ ಉಲ್ಬಣಗೊಂಡಾಗ ತಮಿಳಿನಲ್ಲಿ ಮಾತಾಡುತ್ತಾಳೆ. ತಮಿಳು ರೋಗಿ ತೆಲುಗಿನಲ್ಲಿ ಕೂಗಾಡುತ್ತಾಳೆ. ಕನ್ನಡದ ಗಂಗಾ, ಎಂದೋ ಸತ್ತ ನರ್ತಕಿ ನಾಗವಲ್ಲಿಯಾದ ಕೂಡಲೇ ಅವಳಿಗೂ ತೆಲುಗೇ ಬೇಕು. ಮಂಜುಲಿಕಾ ಆಗುವ ಹಿಂದಿಯವಳಿಗೆ ಬಂಗಾಳಿ. ತನ್ನ ಭಾಷೆಯಲ್ಲೇ ಹುಚ್ಚು ಹಿಡಿಸಿಕೊಂಡ ಒಬ್ಬ ರೋಗಿಯೂ ಈ ಸರಣಿಯಲ್ಲಿಲ್ಲ. 1956ರಲ್ಲಿ ಭಾಷಾವಾರು ಗಡಿಗಳನ್ನು ಎಳೆದವರು ತಾವು ಒಂದು ರೋಗನಿದಾನ ಪದ್ಧತಿಗೆ ಅಡಿಪಾಯ ಹಾಕುತ್ತಿದ್ದೇವೆಂದು ಕನಸಿನಲ್ಲೂ ನೆನೆದಿರಲಾರರು. ಈ ಶಾಸ್ತ್ರವನ್ನು ನಂಬಿದರೆ, ಬೆಳಗಿನ ಕಾಫಿಗೆ ಮೊದಲೇ ಎರಡು ಭಾಷೆಗಳಲ್ಲಿ ಜಗಳವಾಡಿ ಮುಗಿಸುವ ಕೋಲಾರ, ಪಾವಗಡ, ಬಳ್ಳಾರಿಯ ಸಂಸಾರಗಳನ್ನು ಇಡಿಯಾಗಿ ದಾಖಲು ಮಾಡಿಕೊಳ್ಳಬೇಕಾಗುತ್ತದೆ. ಮೆಜೆಸ್ಟಿಕ್‌ನಿಂದ ಜಯನಗರಕ್ಕೆ ಹೋಗುವಷ್ಟರಲ್ಲಿ ನಾಲ್ಕು ಭಾಷೆಗಳಲ್ಲಿ ಮೀಟರಿನ ಮೇಲೆ ಹೆಚ್ಚಿಗೆ ಕೇಳುವ ಆಟೋ ಚಾಲಕರದ್ದಂತೂ ಔಷಧಕ್ಕೆ ಮೀರಿದ ಸ್ಥಿತಿ. ಮೂಲ ಚಿತ್ರದ ನಾಯಕಿಗೆ ಮಲಯಾಳಂನಲ್ಲಿ ಒಬ್ಬರು, ನಾಗವಲ್ಲಿಯ ತಮಿಳಿಗೆ ಇನ್ನೊಬ್ಬರು ಕಂಠದಾನ ಮಾಡಿದ್ದರೆಂಬುದು ಎಷ್ಟೋ ವರ್ಷಗಳ ಮೇಲೆ ನಿರ್ದೇಶಕ ಫಾಸಿಲ್ ಅವರ ಬಾಯಿಂದಲೇ ಬಯಲಾಯಿತು. ಒಂದು ದೇಹದಲ್ಲಿ ಇಬ್ಬರು ಎಂಬ ರೋಗಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿಯನ್ನು ಯಾವ ಪ್ರಯೋಗಾಲಯವೂ ಕೊಡಲಾರದು.

ಪರೀಕ್ಷೆಯ ವಿಧಾನ ಇನ್ನೂ ಸರಳ. ರಕ್ತ ಬೇಡ, ಸ್ಕ್ಯಾನಿಂಗ್ ಬೇಡ. ಪೇಟೆಗೆ ಹೋಗಲು ಸೀರೆಯುಟ್ಟು ಸಿದ್ಧಳಾಗಿರುವ ಹೆಂಡತಿಗೆ ಗಂಡನು, ವೈದ್ಯರ ಸೂಚನೆಯ ಮೇರೆಗೆ, ‘ನೀನು ಹೋಗಕೂಡದು’ ಎಂದು ಕಾರಣ ಕೊಡದೆ ಹೇಳಬೇಕು. ಅವಳು ಕೆರಳಿದರೆ ರೋಗ ಖಚಿತ. ಕೆರಳಿದವಳು ಮಂಚವನ್ನೂ ಎತ್ತಿದರೆ ರೋಗ ಮುಂದುವರಿದ ಹಂತದಲ್ಲಿದೆ ಎಂದರ್ಥ. ಈ ಪರೀಕ್ಷೆಯಲ್ಲಿ ‘ನೆಗೆಟಿವ್’ ಫಲಿತಾಂಶ ಬರುವ ಹೆಂಗಸು ಕರ್ನಾಟಕದಲ್ಲಿ ಎಲ್ಲಿದ್ದಾಳೆಂದು ನನ್ನ ಮನೆಯಲ್ಲಿ ವಿಚಾರಿಸಲು ಹೋಗಿ, ಪ್ರಶ್ನೆಯನ್ನು ಅರ್ಧಕ್ಕೇ ನುಂಗಿಕೊಂಡೆ.

ರೋಗಕ್ಕೆ ಚಿತ್ರಗಳು ಜನರ ಬಾಯಿಗೆ ಹತ್ತಿಸಿದ ಹೆಸರು ‘ಸ್ಪ್ಲಿಟ್ ಪರ್ಸನಾಲಿಟಿ’. ಅಮೆರಿಕದ ಮನೋವೈದ್ಯರು ಬಹುವ್ಯಕ್ತಿತ್ವ ಎಂಬ ತಮ್ಮ ಹಳೆಯ ಹೆಸರನ್ನು 1994ರಲ್ಲೇ ಕೈಬಿಟ್ಟು ‘ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್’ ಎಂದು ಬದಲಾಯಿಸಿದ್ದರು; ಆದರೆ ಅಷ್ಟುದ್ದದ ಹೆಸರಿಗೆ ಗಾಂಧಿನಗರದಲ್ಲಿ ಯಾರೂ ಶಿಳ್ಳೆ ಹೊಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಹತ್ತನೆಯ ಆವೃತ್ತಿಯಲ್ಲಿ ಮೈಮೇಲೆ ಬರುವುದಕ್ಕೇ ಎಫ್44.3 ಎಂಬ ಪ್ರತ್ಯೇಕ ಸಂಖ್ಯೆಯಿದೆ. ಧಾರ್ಮಿಕ ಸಂದರ್ಭದಲ್ಲಿ, ಸಮುದಾಯ ಒಪ್ಪಿದ ರೀತಿಯಲ್ಲಿ ಬಂದರೆ ಅದನ್ನು ರೋಗವೆಂದು ಎಣಿಸಬೇಡಿ ಎಂಬ ವಿವೇಕವೂ ಅಲ್ಲಿದೆ. ಅಷ್ಟು ವಿವೇಕವಿದ್ದರೆ ಮಧ್ಯಂತರವನ್ನು ಎಲ್ಲಿಡುವುದು?

ಇನ್ನು ಗೋಪ್ಯತೆ. ರೋಗದ ವಿವರವನ್ನು ವೈದ್ಯರು ಗಂಡನಿಗೆ ಹೇಳುತ್ತಾರೆ, ಮನೆಮಂದಿಗೆ ಹೇಳುತ್ತಾರೆ, ಮಂತ್ರವಾದಿಗೆ ಹೇಳುತ್ತಾರೆ, ಟಿಕೆಟ್ ಕೊಂಡ ನಮಗಂತೂ ಫ್ಲ್ಯಾಶ್‌ಬ್ಯಾಕಿನ ಸಮೇತ ಹೇಳುತ್ತಾರೆ. ಹೇಳದಿರುವುದು ರೋಗಿಗೊಬ್ಬಳಿಗೆ. ರೋಗಿಯ ಒಪ್ಪಿಗೆ ಮತ್ತು ಗೋಪ್ಯತೆಯನ್ನು ಹಕ್ಕಾಗಿಸಿದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಬಂದದ್ದು 2017ರಲ್ಲಿ, ಆದ್ದರಿಂದ ಹಿಂದಿನ ವೈದ್ಯರನ್ನು ದೂರುವಂತಿಲ್ಲ.

ಚಿಕಿತ್ಸೆಗೆ ಬೇಕಾದ ಸಾಮಗ್ರಿ: ಒಂದು ಅರಮನೆ, ವಾದ್ಯವೃಂದ, ಹೋಮಕುಂಡ, ಹೊಗೆ, ಅಂತಿಮ ಕ್ಷಣದಲ್ಲಿ ಮನುಷ್ಯನ ಜಾಗಕ್ಕೆ ಗೊಂಬೆಯನ್ನು ತಂದಿಡುವ ಯಂತ್ರ, ಮತ್ತು ಮಂತ್ರವಾದಿ. ರೋಗಿಯು ಗೊಂಬೆಯ ಮೇಲೆ ಸೇಡು ತೀರಿಸಿಕೊಂಡು ಕಣ್ಣು ಬಿಟ್ಟರೆ ಗುಣಮುಖ. 1974ರಿಂದ ನಿಮ್ಹಾನ್ಸ್ ಇರುವ ರಾಜ್ಯದಲ್ಲಿ ಡಾಕ್ಟರ್ ವಿಜಯ್ ಸಲಹೆ ಪಡೆಯುವುದು ರಾಮಚಂದ್ರ ಆಚಾರ್ಯರಿಂದ. ಇಲ್ಲಿ ಒಂದು ಸೂಕ್ಷ್ಮವಿದೆ: ಕನ್ನಡದಲ್ಲಿ ವಿಷ್ಣುವರ್ಧನ್ ವೈದ್ಯರಾದರೆ ತಮಿಳಿನಲ್ಲಿ ರಜನಿಕಾಂತ್, ಆದರೆ ಆಚಾರ್ಯರಾಗಿ ಎರಡೂ ಕಡೆ ಬಂದವರು ನಮ್ಮ ಅವಿನಾಶ್ ಅವರೇ. ವೈದ್ಯರು ಬದಲಾಗುತ್ತಾರೆ, ಮಂತ್ರವಾದಿಗೆ ಮಾತ್ರ ಅಂತರರಾಜ್ಯ ಪ್ರಾಕ್ಟೀಸ್. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಹೆಚ್ಚಿನ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇ. 70ರಿಂದ 92. ಜಿಲ್ಲಾಸ್ಪತ್ರೆಗಳಲ್ಲಿ ಗೊಂಬೆ ತಿರುಗಿಸುವ ಯಂತ್ರದ ಕೊರತೆಯಿರಬಹುದು.

ಸಮಾಜಕ್ಕೆ ಆದ ಲಾಭವನ್ನೂ ಹೇಳಬೇಕು. ಅಲ್ಲಿಯವರೆಗೆ ಕೋಪ ಬಂದ ಹೆಂಗಸನ್ನು ಚಂಡಿ, ಮಾರಿ ಎಂದು ಅವೈಜ್ಞಾನಿಕವಾಗಿ ಬೈಯುತ್ತಿದ್ದ ನಾವು, ಆ ಚಿತ್ರದ ನಂತರ ‘ನಾಗವಲ್ಲಿ’ ಎಂದು ವೈದ್ಯಕೀಯವಾಗಿ ಬೈಯಲು ಕಲಿತೆವು. ಕಚೇರಿಯಲ್ಲಿ ಸಂಬಳ ಯಾಕೆ ತಡವಾಯಿತೆಂದು ಕೇಳಿದವಳೂ ನಾಗವಲ್ಲಿ, ಬಸ್ಸಿನಲ್ಲಿ ಕಾಲು ತುಳಿದವನನ್ನು ಗದರಿದವಳೂ ನಾಗವಲ್ಲಿ. ಒಂದು ಕಾಯಿಲೆಯ ಬಗ್ಗೆ ಇಷ್ಟು ವ್ಯಾಪಕ ಜನಜಾಗೃತಿ ಪೋಲಿಯೋ ಹನಿಗೂ ಸುಲಭದಲ್ಲಿ ದಕ್ಕಿರಲಿಲ್ಲ.

ಈ ನಡುವೆ ಹಿಂದಿಯವರು ಸೆಕೆಂಡ್ ಒಪೀನಿಯನ್ ಪಡೆದುಕೊಂಡಿದ್ದಾರೆ. 2022ರಲ್ಲಿ ಬಂದ ಎರಡನೆಯ ಭಾಗದಲ್ಲಿ ಮನೋವೈದ್ಯರ ಹುದ್ದೆಯನ್ನೇ ರದ್ದುಪಡಿಸಿ, ಆ ಜಾಗಕ್ಕೆ ದೆವ್ವಗಳೊಡನೆ ಮಾತಾಡುತ್ತೇನೆಂದು ಸುಳ್ಳು ಹೇಳುವ ಯುವಕನೊಬ್ಬನನ್ನು ನಾಯಕನನ್ನಾಗಿ ನೇಮಿಸಲಾಯಿತು. ಮಂಜುಲಿಕಾ ರೋಗವಲ್ಲ, ನಿಜವಾಗಿಯೂ ದೆವ್ವವೇ ಎಂದು ವರದಿ ಬಂತು. ಹದಿನೈದು ವರ್ಷಗಳ ಸೇವೆಯ ನಂತರ ಕಾಯಿಲೆಗೆ ದೆವ್ವವಾಗಿ ಬಡ್ತಿ ಸಿಕ್ಕಿದೆ. ಬಂಗಾಳಿಯನ್ನು ಮಾತ್ರ ಅವಳು ಇನ್ನೂ ಬಿಟ್ಟಿಲ್ಲ.