ಬೊಲೊನ್ಯಾಗೆ ಬರುವ ಮುನ್ನ

ಇಟಲಿ ಪ್ರವಾಸ ಹೊರಡುವ ನಮ್ಮವರ ಪಟ್ಟಿಯಲ್ಲಿ ರೋಮ್, ಫ್ಲಾರೆನ್ಸ್, ವೆನಿಸ್ ತಪ್ಪದೆ ಇರುತ್ತವೆ. ಬೊಲೊನ್ಯಾ ಎಂದರೆ ಅವರಿಗೆ ರೈಲು ಬದಲಿಸುವ ನಿಲ್ದಾಣ, ಅಷ್ಟೆ. ಈ ಊರಿನಲ್ಲಿ ಬದುಕುತ್ತಿರುವ ನನಗೆ ಇದನ್ನು ಕೇಳಿದಾಗಲೆಲ್ಲ ನಿಜಕ್ಕೂ ಬೇಸರವಾಗುತ್ತದೆ. ಸುಮಾರು ನಾಲ್ಕು ಲಕ್ಷ ಜನರಿರುವ ಬೊಲೊನ್ಯಾ ನಡೆದು ಹೋಗುವವರಿಗೆ ಕೊಡುವ ಮರ್ಯಾದೆಯನ್ನು ನಾನು ಬೇರೆ ಯಾವ ಊರಿನಲ್ಲಿಯೂ ಕಂಡಿಲ್ಲ. ಎರಡು ರಾತ್ರಿಯಾದರೂ ಇಲ್ಲಿ ಉಳಿಯಿರಿ. ಓದಲು ಬರುವ ಮಕ್ಕಳಿಗೆ ಹೇಳಬೇಕಾದ ಮಾತು ಬೇರೆಯೇ ಇದೆ, ಅದು ಆಮೇಲೆ.

ಇಲ್ಲಿನ ಬೀದಿಗಳ ಇಕ್ಕೆಲದಲ್ಲಿ ಕಂಬಗಳ ಮೇಲೆ ನಿಂತ ಮೊಗಸಾಲೆಗಳಿವೆ; ಇಟಾಲಿಯನ್ನರು ಪೋರ್ತಿಕೊ ಎನ್ನುತ್ತಾರೆ. ಊರಿನಲ್ಲಿರುವುದನ್ನೆಲ್ಲ ಸೇರಿಸಿದರೆ 62 ಕಿಲೋಮೀಟರ್. 2021ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿನ ವಿಶ್ವವಿದ್ಯಾಲಯ ಹುಟ್ಟಿದ್ದು 1088ರಲ್ಲಿ ಎನ್ನುತ್ತಾರೆ. ವಿದ್ಯಾರ್ಥಿಗಳೂ ಕೆಲಸ ಅರಸಿ ಬಂದವರೂ ಹೆಚ್ಚಿದಂತೆ ಜನರು ಮಹಡಿಯನ್ನು ಬೀದಿಯ ಮೇಲಕ್ಕೆ ಚಾಚಿ, ಕೆಳಗೆ ಮರದ ಕಂಬ ಕೊಟ್ಟರು. 1288ರಲ್ಲಿ ನಗರಾಡಳಿತ ಪೋರ್ತಿಕೊವನ್ನು ಕಡ್ಡಾಯವೇ ಮಾಡಿತು. ಜಾಗ ಮನೆಯವರದು, ದುರಸ್ತಿಯ ಹೊಣೆಯೂ ಅವರದೇ, ನಡೆಯುವ ಹಕ್ಕು ಮಾತ್ರ ಎಲ್ಲರದು. ಏಳುನೂರು ವರ್ಷಗಳ ಹಿಂದೆಯೇ ಪಾದಚಾರಿಗಾಗಿ ಹೀಗೆ ಯೋಚಿಸಿದ ಊರಿನ ಬಗ್ಗೆ ನನಗೆ ಅಪಾರ ಗೌರವ. ಸ್ತ್ರಾದಾ ಮಜ್ಜೋರೆ ಬೀದಿಯ ಇಸೊಲಾನಿ ಮನೆಯ ಮುಂದೆ ನಿಂತು ತಲೆಯೆತ್ತಿ ನೋಡಿ: ಹದಿಮೂರನೆಯ ಶತಮಾನದ ಓಕ್ ಮರದ ತೊಲೆಗಳು ಕಪ್ಪಗಾಗಿ, ಬಿರುಕು ಬಿಟ್ಟು, ಇಂದಿಗೂ ಮೇಲಿನ ಮಹಡಿಯನ್ನು ಹೊತ್ತಿವೆ. ಕೆಳಗೆ ಜನ ತರಕಾರಿ ಚೀಲ ಹಿಡಿದು ಓಡಾಡುತ್ತಿರುತ್ತಾರೆ.

ಸಾನ್ ಲುಕಾ ಗುಡ್ಡದ ಚರ್ಚಿಗೆ ಹೋಗುವ ಪೋರ್ತಿಕೊದಲ್ಲಿ 666 ಕಮಾನುಗಳಿವೆ, ಉದ್ದ ನಾಲ್ಕು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಮೆಲೊಂಚೆಲ್ಲೊ ಕಮಾನು ದಾಟಿದ ಮೇಲೆ ಏರು ಜೋರು. ಬೇಸಿಗೆಯಲ್ಲಾದರೆ ಬೆಳಿಗ್ಗೆಯೇ ಹತ್ತಿ. ಊರಿನ ನಡುವೆ ಅಕ್ಕಪಕ್ಕ ನಿಂತಿರುವ ಎರಡು ಹಳೆಯ ಗೋಪುರಗಳ ಪೈಕಿ ಹೆಚ್ಚು ವಾಲಿರುವ ಗಾರಿಸೆಂದಾದ ಸ್ಥಿತಿ ಆತಂಕ ಹುಟ್ಟಿಸಿದ್ದರಿಂದ 2023ರಲ್ಲಿ ಸುತ್ತಲಿನ ಜಾಗವನ್ನು ಮುಚ್ಚಿದರು, ಪಕ್ಕದ ಅಸಿನೆಲ್ಲಿಗೆ ಹತ್ತುವುದೂ ನಿಂತಿತು. ಗೋಪುರ ಹತ್ತುವುದನ್ನೇ ನಂಬಿಕೊಂಡು ಬರಬೇಡಿ. ಬಾಡಿಗೆ ಕಾರಂತೂ ಬೇಡವೇ ಬೇಡ. ಹಳೆಯ ಊರಿನ ನಿರ್ಬಂಧಿತ ವಲಯವನ್ನು ಕ್ಯಾಮೆರಾಗಳು ಕಾಯುತ್ತಿರುತ್ತವೆ, ದಂಡದ ಚೀಟಿ ಮನೆಗೇ ಬರುತ್ತದೆ. ವಿಮಾನ ನಿಲ್ದಾಣದಿಂದ ಮೊನೊರೈಲು ಏಳೆಂಟು ನಿಮಿಷದಲ್ಲಿ ರೈಲು ನಿಲ್ದಾಣಕ್ಕೆ ತಲುಪಿಸುತ್ತದೆ.

ಸಸ್ಯಾಹಾರಿಗಳು ಗಮನಿಸಬೇಕಾದದ್ದು: ಹೂರಣ ತುಂಬಿದ ಪುಟ್ಟ ಪಾಸ್ತಾ ತೊರ್ತೆಲ್ಲೀನಿಯ ಒಳಗೆ ಹಂದಿಮಾಂಸ, ಅದನ್ನು ಬೇಯಿಸುವುದೂ ಮಾಂಸದ ಸಾರಿನಲ್ಲಿ. ದೊಡ್ಡ ತೊರ್ತೆಲ್ಲೋನಿಯಲ್ಲಿ ಸಾಮಾನ್ಯವಾಗಿ ರಿಕೊತ್ತಾ ಗಿಣ್ಣು. ಬೆಣ್ಣೆ ಮತ್ತು ಸೇಜ್ ಎಲೆಯೊಂದಿಗೆ ಕೊಡುತ್ತಾರೆ, ಬಹಳ ರುಚಿ. ಆದರೆ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ಪಿಯಾದೀನಾ ನೋಡಲು ಮೈದಾ ರೊಟ್ಟಿಯಂತಿದ್ದರೂ ಹಿಟ್ಟಿಗೆ ಹಂದಿಕೊಬ್ಬು ಹಾಕುವುದು ಇಲ್ಲಿನ ರೂಢಿ. ‘ಸೆನ್ಸಾ ಸ್ತ್ರುತ್ತೊ’, ಅಂದರೆ ಹಂದಿಕೊಬ್ಬಿಲ್ಲದ್ದು ಎಂದು ಕೇಳಿ, ಆಲಿವ್ ಎಣ್ಣೆಯದು ಸಿಗುತ್ತದೆ. ಪಾರ್ಮಿಜಾನೊ ಗಿಣ್ಣಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ, ಕಟ್ಟುನಿಟ್ಟಿನವರಿಗೆ ಅದೂ ಆಗದು. ಮಾರುಕಟ್ಟೆಯ ತರಕಾರಿ, ಬೇಳೆಕಾಳು ತಂದು ಮನೆಯಲ್ಲಿ ಅಡುಗೆ ಮಾಡಿಕೊಂಡರೆ ಯಾವ ತೊಂದರೆಯೂ ಇಲ್ಲ.

ಆದರೆ ಅಡುಗೆ ಮಾಡಲು ಮನೆ ಬೇಕಲ್ಲ! ನನ್ನನ್ನು ನಿಜವಾಗಿ ಕಾಡುವುದು ಇದೇ. ಸೆಪ್ಟೆಂಬರಿನಲ್ಲಿ ತರಗತಿ ಶುರುವಾಗುವ ಹೊತ್ತಿಗೆ ಈ ಊರಿನಲ್ಲಿ ಕೋಣೆ ಹುಡುಕುವುದು ಯಾತನೆ. ಒಂಟಿ ಕೋಣೆಗೆ ತಿಂಗಳಿಗೆ 500 ಯೂರೊ ಕೇಳುವುದು ಮಾಮೂಲಾಗಿದೆ. ಪ್ರವೇಶ ಸಿಕ್ಕ ಸಂಭ್ರಮದಲ್ಲಿ ಇದನ್ನು ಹಿಂದಕ್ಕೆ ತಳ್ಳುವ ಮಕ್ಕಳು ಇಲ್ಲಿಗೆ ಬಂದು ಪರಿಚಿತರ ಸೋಫಾಗಳ ಮೇಲೆ ವಾರಗಟ್ಟಲೆ ಕಳೆಯುತ್ತಾರೆ. ವೀಸಾಕ್ಕೆ ವಸತಿಯ ದಾಖಲೆ ತೋರಿಸಬೇಕು, ಮೋಸಗಾರರು ಕಾಯುವುದು ಈ ಆತುರವನ್ನೇ. ಚೆಂದದ ಫೋಟೊ, ಮಾರುಕಟ್ಟೆಗಿಂತ ಕಡಿಮೆ ಬಾಡಿಗೆ, ‘ನಾನು ಈಗ ಹೊರದೇಶದಲ್ಲಿದ್ದೇನೆ, ಮುಂಗಡ ಕಳುಹಿಸಿ, ಬೀಗದ ಕೈ ಅಂಚೆಯಲ್ಲಿ ಬರುತ್ತದೆ’ ಎಂಬ ಸಂದೇಶ. ಇಂಥದ್ದು ಬಂದರೆ ಒಂದು ಪೈಸೆಯನ್ನೂ ಕಳುಹಿಸಬೇಡಿ.

ವಿದ್ಯಾರ್ಥಿವೇತನ ಮತ್ತು ಹಾಸ್ಟೆಲ್ ಸೌಲಭ್ಯ ನೀಡುವ ‘ಎರ್‌ಗೊ’ ಎಂಬ ಪ್ರಾದೇಶಿಕ ಸಂಸ್ಥೆಯಿದೆ. ಮನೆಯವರ ಆದಾಯದ ದಾಖಲೆಗಳನ್ನು ಇಟಾಲಿಯನ್ ಭಾಷೆಗೆ ಅನುವಾದಿಸಿ, ದೃಢೀಕರಿಸಿ ಕೊಡಬೇಕು. ತಂದೆ ತಾಯಂದಿರೇ, ಈ ಕೆಲಸಕ್ಕೆ ಭಾರತದಲ್ಲಿದ್ದಾಗಲೇ ಓಡಾಡಿ, ಕೊನೆಯ ದಿನಾಂಕ ಯಾರಿಗಾಗಿಯೂ ಕಾಯುವುದಿಲ್ಲ. ಬಂದಿಳಿದ ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅರ್ಜಿಯ ಲಕೋಟೆ ಅಂಚೆ ಕಚೇರಿಯಲ್ಲಿ, 16 ಯೂರೊ ಮುದ್ರಾಂಕ ತಬಾಕ್ಕಿ ಎಂಬ ತಂಬಾಕು ಅಂಗಡಿಯಲ್ಲಿ ಸಿಗುತ್ತದೆ. ಅಂಚೆಯವರು ಕೊಡುವ ರಸೀದಿಯನ್ನು ಪಾಸ್‌ಪೋರ್ಟಿನಷ್ಟೇ ಜೋಪಾನ ಮಾಡಿ, ಪರವಾನಗಿಯ ಕಾರ್ಡು ಕೈಸೇರುವವರೆಗೆ ಅದೇ ಆಧಾರ.

ಮೊದಲ ಕೆಲವು ವಾರಗಳಿಗೆ ಹಾಸ್ಟೆಲನ್ನೋ ವಿಶ್ವಾಸಾರ್ಹ ತಾತ್ಕಾಲಿಕ ವಸತಿಯನ್ನೋ ಕಾದಿರಿಸಿಕೊಂಡು ಬನ್ನಿ. ಮನೆಯನ್ನು ಕಣ್ಣಾರೆ ನೋಡಿ. ಬಾಡಿಗೆ ಕರಾರನ್ನು ತೆರಿಗೆ ಇಲಾಖೆಯಲ್ಲಿ ನೋಂದಾಯಿಸುತ್ತೀರಾ ಎಂದು ಮಾಲೀಕರನ್ನು ನೇರವಾಗಿ ಕೇಳಿ. ‘ನೋಂದಣಿ ಯಾಕೆ, ನಗದು ಕೊಟ್ಟರೆ ಕಡಿಮೆಗೆ ಕೊಡುತ್ತೇನೆ’ ಎಂದರೆ ಕೋಣೆ ಎಷ್ಟೇ ಚೆನ್ನಾಗಿದ್ದರೂ ಅಲ್ಲಿಂದ ಹೊರಟುಬಿಡಿ.