ನೋವನ್ನು ಯಾವ ಸ್ಕೇಲಿನಲ್ಲಿ ಅಳೀತೀರಿ ಸಾರ್?

ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್, ಕೀಲುಗಳು ಊದಿ ನೋಯುವ ಕಾಯಿಲೆ. ಬೆಳಗ್ಗೆ ಎದ್ದಾಗ ಬೆರಳು ಮಡಚಲು ಆಗುವುದಿಲ್ಲ. ಟೂತ್‌ಪೇಸ್ಟ್ ಮುಚ್ಚಳ ತಿರುಗಿಸಲು ಮಗಳನ್ನು ಕೂಗಬೇಕು. ಮಧ್ಯಾಹ್ನದ ಹೊತ್ತಿಗೆ ಕೀಲು ಒಂಚೂರು ಸಡಿಲವಾಗುತ್ತದೆ. ಅಂಗವೈಕಲ್ಯ ತಪಾಸಣೆಗೆ ಕರೆಯುವುದು ಸರಿಯಾಗಿ ಆಗಲೇ! ಮಣಿಕಟ್ಟಿಗೆ ಕೋನಮಾಪಕ ಇಟ್ಟು ಡಿಗ್ರಿ ನೋಡಿದ ಡಾಕ್ಟರು, "ಚೆನ್ನಾಗೇ ಬಾಗ್ತಿದೆಯಲ್ಲಮ್ಮ" ಅಂದರು. ಬಾಗುತ್ತದೆ, ಸರಿ. ಬಾಗುವಾಗ ಜೀವ ಬಾಯಿಗೆ ಬರುತ್ತದಲ್ಲ, ಅದಕ್ಕೆ ಕಾಲಮ್ಮೇ ಇಲ್ಲ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇದೆ, ಸಂತೋಷ. ನನ್ನ ಕಾಯಿಲೆಯ ಹೆಸರು ಮಾತ್ರ ಅದರಲ್ಲಿಲ್ಲ. ಚಲನವೈಕಲ್ಯದ ಲೆಕ್ಕದಲ್ಲಿ ನುಸುಳಬೇಕು. ಮಾಸಾಶನಕ್ಕೂ ಬಸ್ ಪಾಸಿಗೂ ವೈಕಲ್ಯ ಶೇ. 40 ಮುಟ್ಟಲೇಬೇಕು. ಮುಟ್ಟದಿದ್ದರೂ ಬಿಳಿ ಪಟ್ಟಿಯ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಸಿಗುತ್ತದಂತೆ. ಅದನ್ನಿಟ್ಟುಕೊಂಡು ಸುಮ್ನೆ ಗಾಳಿ ಬೀಸಿಕೊಳ್ಳಲೇ?

ಎಲ್ಲ ಆನ್‌ಲೈನ್ ಅಂತಾರೆ. ಆನ್‌ಲೈನ್ ಆಗಿರುವುದು ಅರ್ಜಿ ಮಾತ್ರ. ಮೈಯನ್ನು ಅಪ್‌ಲೋಡ್ ಮಾಡಲು ಆಗುವುದಿಲ್ಲ ಅಲ್ವಾ, ಅದನ್ನು ಹೊತ್ತುಕೊಂಡೇ ಹೋಗಬೇಕು. ನಾನು ಹೋದ ಕಡೆ ವೈದ್ಯಕೀಯ ಮಂಡಳಿ ಕೂರುವುದು ಮೊದಲ ಮಹಡಿಯಲ್ಲಿ. ಲಿಫ್ಟಿನ ಮೇಲೆ 'ದುರಸ್ತಿಯಲ್ಲಿದೆ' ಎಂಬ ಚೀಟಿ, ಅದೂ ಹಳದಿಗಟ್ಟಿದೆ. ಕಂಬಿ ಹಿಡಿದು ಮೆಟ್ಟಿಲು ಹತ್ತಿ ಹೋದೆನಾ, "ಹತ್ತಿ ಬಂದಿದ್ದೀರಲ್ಲ, ಮತ್ತೇನು ತೊಂದರೆ?" ಎಂದು ಗುಮಾಸ್ತರ ಪ್ರಶ್ನೆ.

ಮಂಡಳಿ ಹಾಕಿದ ಲೆಕ್ಕದ ವಿರುದ್ಧ ಈಗ ಮೇಲ್ಮನವಿ ಹಾಕುತ್ತಿದ್ದೇನೆ. ನನ್ನ ಬೇಡಿಕೆ ಒಂದೇ: ಈ ಸಲ ಬೆಳಗ್ಗೆ 7ಕ್ಕೆ ಕರೆಯಿರಿ, ಬರುವಾಗ ಟೂತ್‌ಪೇಸ್ಟ್ ತರುತ್ತೇನೆ.