ಧನುರ್ವಾಯು ಸೂಜಿಯ ಜೊತೆ ಇದೂ ಒಂದು

ಮೆಲ್ಬರ್ನಿನಲ್ಲಿ ಮಗು ಏಳನೇ ತರಗತಿಗೆ ಬಂತು ಅಂದರೆ ಶಾಲೆಯಿಂದ ಒಂದು ಒಪ್ಪಿಗೆ ಪತ್ರ ಬರುತ್ತದೆ. ಇಂಥ ದಿನ ಕೌನ್ಸಿಲ್‌ನ ನರ್ಸುಗಳು ಶಾಲೆಗೆ ಬರುತ್ತಾರೆ, ಎರಡು ಇಂಜೆಕ್ಷನ್ ಕೊಡುತ್ತಾರೆ, ಒಪ್ಪಿಗೆ ಇದೆಯೋ ಇಲ್ಲವೋ ತಿಳಿಸಿ ಅಂತ. ಒಂದು ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮಿಗೆ ಸೇರಿಸಿದ್ದು. ಇನ್ನೊಂದು ಎಚ್‌ಪಿವಿ, ಅಂದರೆ ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್‌ಗೆ. ದುಡ್ಡು ಕೊಡಬೇಕಿಲ್ಲ. ರಾತ್ರಿ ಪಾತ್ರೆ ತೊಳೆದು ಬಂದು ನನ್ನ ಮಗನದ್ದಕ್ಕೆ ಮೊಬೈಲಿನಲ್ಲೇ ಒಪ್ಪಿಗೆ ಒತ್ತಿದೆ. ಹೆಂಡತಿಯನ್ನು ಕೇಳಿದ್ದು ಆಮೇಲೆ. ಅವಳು 'ಹೂಂ' ಅಂದಳು, ಅಷ್ಟೇ.

ಅದೇ ಲಸಿಕೆ ದಾವಣಗೆರೆಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ದೊಡ್ಡ ಚರ್ಚೆ ಆಗಿತ್ತು. ಮಗಳು ಎಂಟನೇ ಕ್ಲಾಸು. ಜ್ವರ ಅಂತ ಮಕ್ಕಳ ಡಾಕ್ಟರ್ ಹತ್ತಿರ ಹೋದಾಗ ಅವರು ಈ ಲಸಿಕೆಯ ಮಾತು ತೆಗೆದಿದ್ದರು. 'ಈಗಲೇ ಯಾಕೆ, ಇನ್ನೂ ಚಿಕ್ಕವಳು' ಅಂತ ಭಾವ. 'ಇದೆಲ್ಲ ಯಾಕೆ ಅಂತ ನಮ್ಮ ಅತ್ತೆ ಕೇಳಿದರೆ ನಾನು ಏನು ಹೇಳಲಿ?' ಅಂತ ಅಕ್ಕ. ನನ್ನ ಮಗನೂ ಹಾಕಿಸಿಕೊಂಡ ಅಂದಾಗ ಅವಳಿಗೆ ನಗು ತಡೆಯಲಿಲ್ಲ. 'ಅದು ಗರ್ಭಕಂಠದ ಕ್ಯಾನ್ಸರಿನ ಲಸಿಕೆ ಅಲ್ವೇನೋ? ಹುಡುಗನಿಗೆ ಗರ್ಭಕಂಠ ಎಲ್ಲಿಂದ ಬಂತೋ ತಮ್ಮಾ!'

ಇಲ್ಲಿಯವರು ಮುಂದುವರಿದವರು, ನಮ್ಮವರು ಹಿಂದುಳಿದವರು ಅನ್ನೋ ಪುರಾಣ ಶುರುವಾಯಿತು ಅಂದುಕೊಳ್ಳಬೇಡಿ. ನಿಜ ಹೇಳಬೇಕೆಂದರೆ ಅಕ್ಕ ನನಗಿಂತ ಜಾಸ್ತಿ ಯೋಚಿಸಿದ್ದಳು. ನಾನು ಯೋಚಿಸುವ ಪ್ರಮೇಯವೇ ಬರಲಿಲ್ಲ. ಇಲ್ಲಿ ಎಚ್‌ಪಿವಿ ಇಡೀ ತರಗತಿ ಸಾಲಾಗಿ ನಿಂತು ಹಾಕಿಸಿಕೊಳ್ಳುವ ಸೂಜಿ. ಅಲ್ಲಿ ಒಂದು ಹುಡುಗಿ, ಒಂದು ಮನೆ, ಒಂದು ಕ್ಲಿನಿಕ್ಕು. ಒಬ್ಬಳನ್ನೇ ಕರೆದುಕೊಂಡು ಹೋದಾಗಲೇ 'ಇವಳಿಗೆ ಯಾಕೆ?' ಅನ್ನುವ ಪ್ರಶ್ನೆ ಹುಟ್ಟುವುದು. ಧನುರ್ವಾಯು ಸೂಜಿಗೆ ಯಾರಾದರೂ ಹಾಗೆ ಕೇಳುತ್ತಾರಾ?

'ಯಾಕೆ' ಅನ್ನುವುದರ ಹಿಂದೆ ಏನಿದೆ ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈ ವೈರಸ್ ಹರಡುವುದು ದೈಹಿಕ ಸಂಪರ್ಕದಿಂದ. ಹಾಗಾಗಿ ಲಸಿಕೆ ಹಾಕಿಸಿದರೆ ಮಗಳ ಮೇಲೇ ಅನುಮಾನ ಪಟ್ಟ ಹಾಗೆ ಅನ್ನುವ ಸಂಕೋಚ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಇಲ್ಲಿನ ಕನ್ನಡಿಗರೊಬ್ಬರು, ಐಟಿ ಕೆಲಸ, ಚೆನ್ನಾಗಿ ಓದಿಕೊಂಡವರು, 'ನಮ್ಮ ಮನೆ ಮಕ್ಕಳಿಗೆ ಅದು ಬೇಕಾಗಲ್ಲ ಬಿಡಿ' ಅಂದರು. ಚಿತ್ರಾನ್ನದ ತಟ್ಟೆ ಕೈಯಲ್ಲಿಟ್ಟುಕೊಂಡು ವಾದ ಮಾಡುವುದು ಬೇಡ ಅಂತ ಸುಮ್ಮನಾದೆ. ಆದರೆ ಲೆಕ್ಕ ಸರಳ. ಹುಡುಗಿ ಎಷ್ಟೇ ಕಟ್ಟುನಿಟ್ಟಾಗಿ ಬೆಳೆದಿರಲಿ, ಮದುವೆಯಾಗುವ ಗಂಡನಿಂದಲೇ ವೈರಸ್ ಬರಬಹುದು. ಅವನಿಗೂ ತನ್ನ ಮೈಯಲ್ಲಿ ಅದಿದೆ ಅಂತ ಗೊತ್ತಿರುವುದಿಲ್ಲ. ಬಹುಪಾಲು ಜನರಲ್ಲಿ ಅದು ತಾನಾಗಿ ಹೋಗುತ್ತದೆ, ಕೆಲವರಲ್ಲಿ ಉಳಿದು ವರ್ಷಗಳ ಮೇಲೆ ಕ್ಯಾನ್ಸರ್ ಆಗುತ್ತದೆ. ನಾವು ಜಾತಕ ನೋಡುತ್ತೇವೆ, ಗೋತ್ರ ನೋಡುತ್ತೇವೆ. ಇದನ್ನು ಯಾರು ನೋಡುತ್ತಾರೆ? ಇನ್ನು, ಲಸಿಕೆ ಇರುವುದು ವೈರಸ್ ಬರುವ ಮೊದಲು ತಡೆಯಲು. ಬಂದದ್ದನ್ನು ಓಡಿಸಲು ಅದರಿಂದ ಆಗದು. ಒಂಬತ್ತರಿಂದ ಹದಿನಾಲ್ಕರ ವಯಸ್ಸು ಅನ್ನುವುದು ಅದಕ್ಕೇ. ಆ ವಯಸ್ಸಿನ ಮೈ ಲಸಿಕೆಗೆ ಸ್ಪಂದಿಸುವುದೂ ಚೆನ್ನಾಗಿ.

ಗಂಡು ಮಕ್ಕಳ ವಿಷಯಕ್ಕೆ ಬಂದರೆ, ಆಸ್ಟ್ರೇಲಿಯಾ 2007ರಲ್ಲಿ ಹುಡುಗಿಯರಿಗೆ ಶುರು ಮಾಡಿ 2013ರಲ್ಲಿ ಹುಡುಗರನ್ನೂ ಸೇರಿಸಿತು. ಗಂಟಲಿನ ಕ್ಯಾನ್ಸರ್, ಗುದದ ಕ್ಯಾನ್ಸರ್, ಜನನಾಂಗದ ನರುಳೆ, ಇವಕ್ಕೂ ಎಚ್‌ಪಿವಿ ಕಾರಣ ಆಗುತ್ತದೆ. ಹರಡುವವರಲ್ಲಿ ಅರ್ಧದಷ್ಟು ಜನ ಗಂಡಸರು ಅನ್ನುವುದಂತೂ ಇದ್ದೇ ಇದೆ. ಹುಡುಗರು ಸೇರಿದ್ದರಿಂದ ಇನ್ನೊಂದು ಲಾಭವೂ ಆಯಿತು ಅಂತ ನನಗನ್ನಿಸುತ್ತದೆ. 'ಹುಡುಗಿಗೆ ಯಾಕೆ' ಅನ್ನುವ ಮಾತೇ ಬಿದ್ದುಹೋಯಿತು.

ಹಾಗಂತ ಇಲ್ಲಿ ಗಾಬರಿಯೇ ಆಗಿರಲಿಲ್ಲ ಅಂತಲ್ಲ. 2007ರಲ್ಲಿ ಮೆಲ್ಬರ್ನಿನದೇ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಸೂಜಿ ಹಾಕಿದ ದಿನ ಇಪ್ಪತ್ತಾರು ಹುಡುಗಿಯರಿಗೆ ತಲೆಸುತ್ತು, ಸುಸ್ತು. ಪತ್ರಿಕೆಗಳಲ್ಲೆಲ್ಲ ಸುದ್ದಿ. ವಿಚಾರಿಸಿದರು. ಲಸಿಕೆಯಲ್ಲಿ ದೋಷವಿಲ್ಲ, ಒಬ್ಬಳನ್ನು ನೋಡಿ ಇನ್ನೊಬ್ಬಳಿಗೆ ಹರಡಿದ ಭಯ ಅಂತ ತಿಳಿಯಿತು. ಕಾರ್ಯಕ್ರಮ ಮುಂದುವರಿಯಿತು. ಈಗಲೂ ಸೂಜಿಯಾದ ಮೇಲೆ ಮಕ್ಕಳನ್ನು ಹದಿನೈದು ನಿಮಿಷ ಕೂರಿಸಿಕೊಂಡಿರುತ್ತಾರೆ. ಜಪಾನಿನಲ್ಲಿ ಬೇರೆ ಕಥೆ. 2013ರ ಏಪ್ರಿಲ್‌ನಲ್ಲಿ ಲಸಿಕೆಯನ್ನು ಮಾಮೂಲಿ ಪಟ್ಟಿಗೆ ಸೇರಿಸಿ, ಅಡ್ಡಪರಿಣಾಮದ ಸುದ್ದಿಗಳಿಗೆ ಹೆದರಿ ಜೂನ್‌ನಲ್ಲೇ ಅಲ್ಲಿನ ಸರ್ಕಾರ ಶಿಫಾರಸಿನಿಂದ ಹಿಂದೆ ಸರಿಯಿತು. ನೂರರಲ್ಲಿ ಎಪ್ಪತ್ತರ ಹತ್ತಿರ ಇದ್ದ ಪ್ರಮಾಣ ಒಂದಕ್ಕಿಂತ ಕೆಳಗೆ ಇಳಿಯಿತು. ಮತ್ತೆ ಶಿಫಾರಸು ಮಾಡಿದ್ದು 2022ರಲ್ಲಿ.

ನಮ್ಮ ದೇಶದ ಕಥೆ ಇವೆರಡಕ್ಕಿಂತ ಕಹಿ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಹುಡುಗಿಯರಿಗೆ ಪ್ರಾಯೋಗಿಕವಾಗಿ ಈ ಲಸಿಕೆ ಹಾಕಿದರು. ಏಳು ಮಕ್ಕಳು ತೀರಿಕೊಂಡರು. ಹಾವು ಕಚ್ಚಿದ್ದು, ನೀರಿಗೆ ಬಿದ್ದದ್ದು, ಕೀಟನಾಶಕ, ಹೀಗೆ ಕಾರಣಗಳು ಬೇರೆಯೇ, ಲಸಿಕೆಗೂ ಸಾವಿಗೂ ಸಂಬಂಧ ಕಾಣುವುದಿಲ್ಲ ಅಂತ ತನಿಖೆ ಹೇಳಿತು. ಆದರೆ ಅದೇ ತನಿಖೆಯ ವೇಳೆ ಇನ್ನೊಂದು ಸಂಗತಿ ಹೊರಬಂತು. ಎಷ್ಟೋ ಆದಿವಾಸಿ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಅಪ್ಪ ಅಮ್ಮ ಅಲ್ಲ, ಹಾಸ್ಟೆಲ್ ವಾರ್ಡನ್. 2010ರಲ್ಲಿ ಎಲ್ಲ ನಿಂತಿತು. 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿಯೇ ಟೀಕಿಸಿತು. ವಿಜ್ಞಾನ ಸರಿ ಇತ್ತು, ಜನರನ್ನು ನಡೆಸಿಕೊಂಡ ರೀತಿ ಕೆಟ್ಟದಾಗಿತ್ತು. ಅಕ್ಕನಂಥವರು ಇಷ್ಟೊಂದು ಪ್ರಶ್ನೆ ಕೇಳುತ್ತಾರೆ ಅಂತ ಗೊಣಗುವ ಡಾಕ್ಟರುಗಳು ಇದನ್ನು ಮರೆಯಬಾರದು.

ಆ ನಿಲುಗಡೆಗೆ ಒಂದು ವಿಚಿತ್ರ ಬಾಲ ಇದೆ. ಅದೇ ಹೊತ್ತಿಗೆ ಪುಣೆ, ಬಾರ್ಶಿ, ಅಹಮದಾಬಾದ್ ಮುಂತಾದ ಕಡೆ ಬೇರೊಂದು ಅಧ್ಯಯನ ನಡೆಯುತ್ತಿತ್ತು. ಎರಡು ಡೋಸ್ ಸಾಕೋ ಮೂರು ಬೇಕೋ ಅಂತ ನೋಡುವುದಕ್ಕೆ. ಸರ್ಕಾರ ನಿಲ್ಲಿಸಿ ಅಂದಾಗ ಸಾವಿರಾರು ಹುಡುಗಿಯರಿಗೆ ಆಗಿದ್ದು ಒಂದೇ ಡೋಸ್. ಸಂಶೋಧಕರು ಅವರನ್ನು ಬಿಟ್ಟುಬಿಡಲಿಲ್ಲ, ವರ್ಷಗಟ್ಟಲೆ ಗಮನಿಸುತ್ತ ಹೋದರು. ನೋಡಿದರೆ ಒಂದೇ ಡೋಸ್ ಕೂಡ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಕೆಲಸ ಮಾಡಿತ್ತು. ಇದು ಮತ್ತು ಕೀನ್ಯಾದಂಥ ಕಡೆಯ ಅಧ್ಯಯನಗಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ಒಂದು ಡೋಸ್ ಸಾಕಾದೀತು ಅಂದಿತು. ಆಸ್ಟ್ರೇಲಿಯಾ 2023ರ ಫೆಬ್ರವರಿಯಿಂದ ಒಂದಕ್ಕೇ ಇಳಿಸಿತು. ನನ್ನ ಮಗ ಒಂದೇ ಸಲ ತೋಳು ಚಾಚಿ ಮುಗಿಸಿದ್ದರಲ್ಲಿ ಬಾರ್ಶಿ ಕಡೆಯ ಹುಡುಗಿಯರ ಪಾಲೂ ಇದೆ. ಆ ಹುಡುಗಿಯರ ಊರುಗಳಲ್ಲೇ ಲಸಿಕೆಗೆ ಅಮ್ಮಂದಿರು ವರ್ಷಗಟ್ಟಲೆ ಕೈಯಿಂದ ದುಡ್ಡು ಹಾಕಬೇಕಾಯಿತು. ಹೊಟ್ಟೆ ಉರಿಯುವುದು ಇದಕ್ಕೆ.

ಯಾಕೆಂದರೆ ಇದರ ಅಗತ್ಯ ನಮಗೇ ಜಾಸ್ತಿ. ಆಸ್ಟ್ರೇಲಿಯಾದಲ್ಲಿ ಲಸಿಕೆ ತಪ್ಪಿದರೂ ಕೆಳಗೊಂದು ಬಲೆ ಇದೆ. ಇಪ್ಪತ್ತೈದು ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆ. ತಾವೇ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದುಕೊಡಬಹುದು. ಲಸಿಕೆ ಹಾಕಿಸಿಕೊಂಡವರೂ ಈ ಪರೀಕ್ಷೆ ಬಿಡುವ ಹಾಗಿಲ್ಲ. 2035ರೊಳಗೆ ಈ ಕಾಯಿಲೆಯನ್ನು ಇಲ್ಲವೆನ್ನುವಷ್ಟು ತಗ್ಗಿಸುತ್ತೇವೆ ಅಂತ ಅವರು ಧೈರ್ಯವಾಗಿ ಹೇಳುವುದು ಎರಡನ್ನೂ ನೆಚ್ಚಿಕೊಂಡು. ನಮ್ಮಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಮೂವತ್ತರಿಂದ ನಲವತ್ತೊಂಬತ್ತರ ಹೆಂಗಸರಲ್ಲಿ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ದೇಶದಲ್ಲಿ ವರ್ಷಕ್ಕೆ 1.2 ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು, ಸುಮಾರು 80 ಸಾವಿರ ಸಾವು. ಸ್ಕಾಟ್ಲೆಂಡಿನಲ್ಲಿ 12-13ರ ವಯಸ್ಸಿನಲ್ಲಿ ಲಸಿಕೆ ಪಡೆದವರ ಲೆಕ್ಕ 2024ರಲ್ಲಿ ಹೊರಬಂದಾಗ ಅವರಲ್ಲಿ ಒಬ್ಬರಿಗೂ ಈ ಕ್ಯಾನ್ಸರ್ ಬಂದಿರಲಿಲ್ಲ.

ಇಲ್ಲಿನ ವ್ಯವಸ್ಥೆಗೂ ತೂತುಗಳಿವೆ. ಆ ದಿನ ಮಗು ಶಾಲೆಗೆ ರಜೆ ಹಾಕಿದರೆ ಸೂಜಿ ತಪ್ಪುತ್ತದೆ, ನಾವೇ ನೆನಪಿಟ್ಟುಕೊಂಡು ಡಾಕ್ಟರ್ ಹತ್ತಿರ ಹೋಗಬೇಕು. ಕೋವಿಡ್ ಆದಮೇಲೆ ಹಾಕಿಸಿಕೊಳ್ಳುವವರ ಪ್ರಮಾಣ ಸ್ವಲ್ಪ ಇಳಿದಿದೆ. ಓದದೇ ಒಪ್ಪಿಗೆ ಒತ್ತುವ ನನ್ನಂಥವರೂ ಇದ್ದಾರೆ. ಆದರೂ ನನ್ನ ಪಕ್ಷ ಶಾಲೆಯ ಸಾಲಿನದ್ದೇ. ಸಿಕ್ಕಿಂನಲ್ಲಿ 2018ರಲ್ಲಿ ಶಾಲೆಗಳ ಮೂಲಕವೇ ಹಾಕಿದರು, ಮೊದಲೇ ಪೋಷಕರನ್ನು ಕೂರಿಸಿ ಮಾತಾಡಿದರು, ಜನ ಒಪ್ಪಿದರು. ದಾವಣಗೆರೆಯಲ್ಲೂ ಪೋಷಕರ ಸಭೆ ಕರೆದು, ಮನೆಮಾತಿನಲ್ಲಿ ಹೇಳಿ, ಸಹಿಯನ್ನು ವಾರ್ಡನ್ನಿಂದಲ್ಲ ಅಮ್ಮನಿಂದಲೇ ಹಾಕಿಸಿಕೊಂಡರೆ ಅತ್ತೆಗೆ ಏನು ಹೇಳಲಿ ಅನ್ನುವ ತಲೆನೋವು ಅಕ್ಕನಿಗೆ ಇರುತ್ತಿರಲಿಲ್ಲ. 'ಶಾಲೆಯಲ್ಲಿ ಎಲ್ಲರಿಗೂ ಹಾಕ್ತಿದ್ದಾರೆ ಅತ್ತೆ' ಅಂದರೆ ಮುಗಿಯಿತು.

ಅಕ್ಕನ ಇನ್ನೊಂದು ಪ್ರಶ್ನೆ ದುಡ್ಡಿನದಾಗಿತ್ತು. 2023ರಲ್ಲಿ ಪುಣೆಯಲ್ಲಿ ತಯಾರಾದ ನಮ್ಮದೇ ಸರ್ವಾವ್ಯಾಕ್ ಬಂದಾಗ ಒಂದು ಡೋಸ್‌ಗೆ ಸುಮಾರು 2000 ರೂಪಾಯಿ ಇತ್ತು. ಒಂಬತ್ತು ಬಗೆಯ ವೈರಸ್ ತಡೆಯುವ ವಿದೇಶಿ ಲಸಿಕೆ ಅದರ ಹಲವು ಪಟ್ಟು. ಕ್ಯಾನ್ಸರ್ ತರುವುದರಲ್ಲಿ ಮುಖ್ಯವಾದ 16 ಮತ್ತು 18ನೇ ಬಗೆಗಳನ್ನು ಎರಡೂ ತಡೆಯುತ್ತವೆ, ಕೈಗೆಟಕುವುದನ್ನೇ ಹಾಕಿಸು ಅಂದೆ. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಹಾಕಿಸಿದರೆ ನಡೆಯುತ್ತಾ ಅಂತ ಕೇಳಿದಳು. ನಡೆಯುತ್ತೆ, ಆದರೆ ಹದಿನೈದು ತುಂಬುವ ಮೊದಲು. ವಿಶ್ವ ಆರೋಗ್ಯ ಸಂಸ್ಥೆ ಒಂದು ಸಾಕು ಅಂದರೂ ಅಲ್ಲಿನ ಖಾಸಗಿ ಡಾಕ್ಟರುಗಳು ಬರೆಯುವುದು ಎರಡು ಡೋಸ್, ಹದಿನೈದು ತುಂಬಿದ ಮೇಲೆ ಹೋದರೆ ಮೂರು.